ಅಮ್ಮನಿಗೆ ಜಗಲಿಯಲ್ಲಿ ಇಲ್ಲದ ಮಕ್ಕಳು ಕಾಣ್ತಿದ್ದಾರೆ. ಇದು ಕಣ್ಣಿನದಾ, ತಲೆಯದಾ?

ಜಗಲಿಕಟ್ಟೆ · ಭಾನುವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಓದಿಕೊಂಡಿದ್ದವಳು, ಬರೀತಿರೋದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಓದಿ.

ನಮ್ಮಮ್ಮನಿಗೆ 79. ಹೊಸನಗರದ ಹತ್ತಿರ ಊರು. ಮೂವತ್ತು ವರ್ಷ ಪ್ರೈಮರಿ ಶಾಲೆ ಟೀಚರ್ ಆಗಿದ್ದವರು. ಎರಡೂ ಕಣ್ಣಿನ ಪೊರೆ ತೆಗೆಸಿ ಲೆನ್ಸ್ ಹಾಕಿಸಿ ಒಂಬತ್ತು ವರ್ಷ ಆಯ್ತು. ಆಮೇಲೆ ಮ್ಯಾಕುಲಾ, ಅಂದ್ರೆ ಕಣ್ಣಿನ ಹಿಂಬದಿ ಪರದೆಯ ನಡುಭಾಗ, ಹಾಳಾಗ್ತಿದೆ ಅಂದರು. ಎಡಗಣ್ಣು ನಿಧಾನಕ್ಕೆ ಹೋಯ್ತು. ಬಲಗಣ್ಣಿಗೆ ಮೂರು ಇಂಜೆಕ್ಷನ್ ಆಗಿತ್ತು. ನಾಲ್ಕನೆಯದಕ್ಕೆ ಹೋಗೋ ಹೊತ್ತಿಗೆ ಅಪ್ಪ ತೀರಿಕೊಂಡರು. "ಇನ್ನು ಸಾಕು ಬಿಡು" ಅಂದರು ಅಮ್ಮ, ನಾವೂ ಬಿಟ್ಟೆವು. ಈಗ ಎದುರು ಕೂತವರ ಮುಖ ಕಾಣೋದಿಲ್ಲ, ಸೀರೆ ಅಂಚು ಕಾಣುತ್ತೆ. ಅಕ್ಕಿ ಆರಿಸೋಕೆ ಆಗೋಲ್ಲ, ಆದರೆ ಹಿತ್ತಲಿಗೆ ಒಬ್ಬರೇ ಹೋಗಿ ಬರ್ತಾರೆ.

ಹೋದ ವಾರ ಊರಿಗೆ ಹೋಗಿದ್ದೆ. ಸಂಜೆ ನನ್ನ ಮಗಳು ಒಳಗೆ ಬಂದು ಮೆಲ್ಲಗೆ ಹೇಳಿದಳು: "ಅಮ್ಮಾ, ಅಜ್ಜಿ ನನ್ನ ಕರೆದು ಜಗಲಿಯಲ್ಲಿ ಮಕ್ಕಳು ನಿಂತಿದ್ದಾವಾ ನೋಡು ಅಂದ್ರು. ಇಲ್ಲ ಅಂದೆ. ಹಾಗಿದ್ರೆ ಸರಿ, ಯಾರಿಗೂ ಹೇಳಬೇಡ ಅಂದ್ರು."

ರಾತ್ರಿ ಪಕ್ಕದಲ್ಲಿ ಮಲಗಿ ಕೇಳಿದೆ. ಮೊದಲು ಒಪ್ಪಲಿಲ್ಲ. ಆಮೇಲೆ ಹೇಳಿದರು. ಎರಡು ತಿಂಗಳಿಂದ ಕಾಣ್ತಾವಂತೆ. ಏಳೆಂಟು ಮಕ್ಕಳು, ಮೊಣಕಾಲೆತ್ತರ, ಪ್ರಾರ್ಥನೆಗೆ ನಿಂತ ಹಾಗೆ ಸಾಲಾಗಿ. ಬಟ್ಟೆ ಬಣ್ಣ ಎಷ್ಟು ಚೆನ್ನಾಗಿ ಕಾಣುತ್ತೆ ಅಂದ್ರೆ ರಿಬ್ಬನ್ ಗಂಟೂ ಕಾಣುತ್ತಂತೆ. ಮಾತಿಲ್ಲ, ಸದ್ದಿಲ್ಲ. ಕೆಲವು ದಿನ ಮಕ್ಕಳಿಲ್ಲ, ಗೋಡೆ ತುಂಬಾ ಚೌಕಾಕಾರದ ರಂಗೋಲಿ. "ಇಲ್ಲ ಅಂತ ನಂಗೆ ಗೊತ್ತು ಕಣೆ, ಆದ್ರೂ ಕಾಣ್ತಾವೆ. ನಿಮ್ಮಣ್ಣನಿಗೆ ಹೇಳಬೇಡ, ಹುಚ್ಚು ಅಂತಾನೆ" ಅಂದರು.

ಅಣ್ಣನಿಗೆ ಹೇಳದೆ ಇರಲು ಆಗಲಿಲ್ಲ. ಮರೆವಿನ ಕಾಯಿಲೆ ಶುರು, ಮನೋವೈದ್ಯರಿಗೆ ತೋರಿಸಿ ಮಾತ್ರೆ ಹಾಕಿಸೋಣ ಅಂತಿದ್ದಾನೆ. ದೊಡ್ಡಮ್ಮ, ಮನೆಗೆ ಏನೋ ಬಂದಿದೆ, ಪ್ರಶ್ನೆ ಇಡಿಸಿ ಅಂತಿದ್ದಾರೆ. ನನಗೆ ಎರಡೂ ಸರಿ ಅನ್ನಿಸ್ತಿಲ್ಲ. ಅಮ್ಮನಿಗೆ ಮರೆವಿಲ್ಲ. 1984ರ ಬ್ಯಾಚಿನ ಹಾಜರಿ ಪುಸ್ತಕ ಈಗಲೂ ಬಾಯಿಪಾಠ. ಯಾರಿಗಾದ್ರೂ ಇಂಥದ್ದು ಗೊತ್ತಾ?

ತುಂಗಾತೀರ · 10:58

ಮೊದಲು ಒಂದು ಮಾತು. ಪ್ರಶ್ನೆ ಇಡಿಸೋದ್ರಲ್ಲಿ ತಪ್ಪೇನಿಲ್ಲ. ಮನೆಯಲ್ಲಿ ಸಾವಾಗಿದೆ. ವರ್ಷಾಂತಿಕ ಸರಿಯಾಗಿ ಆಯ್ತಾ ಕೇಳಿ.

ಧಾರವಾಡ_ಫೇಡಾ · 11:04

ಅಕ್ಕಾರ, ನಮ್ಮ ಚಿಗವ್ವಗೂ ಹಿಂಗ ಆಗಿತ್ರಿ. ಮನ್ಯಾಗ ಮಂದಿ ಕುಂತಾರ ಅಂತಿದ್ಲು. ನಾವು ಕಣ್ಣಿಂದು ಅಂತ ತಿಳಕೊಂಡು ಚಷ್ಮಾ ಬದಲಿ ಮಾಡಿಸಿದ್ವಿ. ಆಮ್ಯಾಲ ಗೊತ್ತಾತು, ಅದು ಲ್ಯೂಯಿ ಬಾಡಿ ಅನ್ನೂ ಮರೆವಿನ ರೋಗ. ಆಕಿ ಆ ಮಂದಿಗೆ ಚಾ ಮಾಡಾಕ ಹೋಗ್ತಿದ್ಲು, ಮಾತಾಡ್ತಿದ್ಲು, ರಾತ್ರಿ ನಿದ್ದಿಗಣ್ಣಾಗ ಕೈಕಾಲು ಬಡೀತಿದ್ಲು. ನಡಿಗಿ ಸಣ್ಣ ಸಣ್ಣ ಹೆಜ್ಜಿ ಆಗಿತ್ತು. ನಿಮ್ಮಣ್ಣ ಹೇಳೂದು ಪೂರ್ತಿ ತಪ್ಪು ಅಂತ ತಳ್ಳಿ ಹಾಕಬ್ಯಾಡ್ರಿ. ತಡ ಮಾಡಿ ನಾವು ಭಾಳ ಕಳಕೊಂಡ್ವಿ.

ದೃಷ್ಟಿಮಾಪಕಿ · 11:21

ನಾನು ಆಪ್ಟೋಮೆಟ್ರಿಸ್ಟ್, ಮೈಸೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ಇದ್ದೀನಿ. ಡಾಕ್ಟರ್ ಅಲ್ಲ, ಹಾಗಾಗಿ ಇದನ್ನೇ ತೀರ್ಪು ಅಂದುಕೊಳ್ಳಬೇಡಿ.

ನೀವು ಬರೆದದ್ದು ಓದ್ತಾ ಓದ್ತಾ ನನಗೆ ಬಂದ ಹೆಸರು ಚಾರ್ಲ್ಸ್ ಬೋನೆ ಸಿಂಡ್ರೋಮ್. ಕಣ್ಣಿನ ದೃಷ್ಟಿ ಬಹಳ ಕಮ್ಮಿಯಾದವರಿಗೆ ಇಲ್ಲದ ಚಿತ್ರ ಕಾಣೋದು. ಮ್ಯಾಕುಲಾ, ಗ್ಲಾಕೋಮಾ (ಕಣ್ಣಿನ ನರ ಹಾಳಾಗೋ ಕಾಯಿಲೆ), ಸಕ್ಕರೆ ಕಾಯಿಲೆಯಿಂದ ಹಾಳಾದ ರೆಟಿನಾ (ಕಣ್ಣಿನ ಹಿಂಬದಿ ಪರದೆ), ಯಾವುದರಿಂದ ದೃಷ್ಟಿ ಹೋದರೂ ಬರಬಹುದು. ಕಣ್ಣಿಂದ ಮಿದುಳಿಗೆ ಹೋಗಬೇಕಾದ ಚಿತ್ರ ನಿಂತುಹೋದಾಗ, ನೋಡೋ ಕೆಲಸ ಮಾಡೋ ಮಿದುಳಿನ ಭಾಗ ಸುಮ್ಮನೆ ಕೂರೋದಿಲ್ಲ, ತಾನೇ ಚಿತ್ರ ಹುಟ್ಟಿಸುತ್ತೆ. ಕೈ ಕತ್ತರಿಸಿದವರಿಗೆ ಇಲ್ಲದ ಕೈ ನೋಯುತ್ತೆ ಅಂತಾರಲ್ಲ, ಹೆಚ್ಚುಕಮ್ಮಿ ಅದೇ ಥರ.

ಪುಟ್ಟ ಪುಟ್ಟ ಮನುಷ್ಯರು, ಒಳ್ಳೆ ಬಟ್ಟೆ, ಚೌಕಳಿ ಅಥವಾ ಇಟ್ಟಿಗೆ ಗೋಡೆಯಂಥ ವಿನ್ಯಾಸ, ಹೂವು, ಪ್ರಾಣಿ, ಇದೆಲ್ಲ ತುಂಬಾ ಜನ ಹೇಳೋದೇ. ನಿಜವಾದ ವಸ್ತುಗಳು ಮಂಜುಮಂಜಾಗಿ ಕಾಣುವಾಗ ಇವು ಮಾತ್ರ ಸ್ಪಷ್ಟವಾಗಿ ಕಾಣ್ತವೆ. ನಿಮ್ಮಮ್ಮ ಹೇಳಿದ ರಿಬ್ಬನ್ ಗಂಟಿನ ಮಾತು ಅದಕ್ಕೇ ನನಗೆ ಹಿಡಿಸಿತು. ಸದ್ದು ಇರೋಲ್ಲ, ವಾಸನೆ ಇರೋಲ್ಲ. ಮುಖ್ಯವಾಗಿ, ನಿಜ ಅಲ್ಲ ಅಂತ ನೋಡುವವರಿಗೇ ಗೊತ್ತಿರುತ್ತೆ.

ಧಾರವಾಡದ ಅಣ್ಣ ಹೇಳಿದ್ದೂ ಸರಿ. ಕಾಣೋರ ಜೊತೆ ಮಾತಾಡೋದು, ನಿಜ ಅಂತ ನಂಬೋದು, ಕೈ ನಡುಕ, ಹೆಜ್ಜೆ ಎಳೆಯೋದು, ದಿನದಲ್ಲೇ ಒಂದು ಹೊತ್ತು ಚುರುಕು ಒಂದು ಹೊತ್ತು ಮಂಕು, ಇವು ಇದ್ದರೆ ನರರೋಗ ತಜ್ಞರನ್ನ ಬಿಡಬಾರದು.

ಔಷಧಿ_ಅಂಗಡಿ · 11:30

ಇನ್ನೊಂದು ಸೇರಿಸಿ. ವಯಸ್ಸಾದವರಿಗೆ ಉಚ್ಚೆ ಸೋಂಕು ಆದ್ರೆ, ಮೈಯಲ್ಲಿ ಸೋಡಿಯಂ ಇಳಿದ್ರೆ, ಹೊಸ ಮಾತ್ರೆ ಶುರು ಮಾಡಿದ್ರೆ ಎರಡೇ ದಿನದಲ್ಲಿ ಏನೇನೋ ಕಾಣುತ್ತೆ. ರಕ್ತ, ಮೂತ್ರ ಪರೀಕ್ಷೆ ಮೊದಲು ಮಾಡಿಸಿ. ಈಗ ತಗೊಳ್ತಿರೋ ಮಾತ್ರೆಗಳ ಪಟ್ಟಿ, ನಿದ್ದೆ ಮಾತ್ರೆಯೂ ಸೇರಿ, ಡಾಕ್ಟರಿಗೆ ತೋರಿಸಿ.

ಹಳೇಮೈಸೂರು · ಸೋಮವಾರ ಬೆಳಗ್ಗೆ 6:15

ಜಗಲಿಕಟ್ಟೆಯವರೇ, ನನಗೆ 81 ವರ್ಷ. ಇದನ್ನು ಫೋನಿಗೆ ಬಾಯಲ್ಲಿ ಹೇಳಿ ಬರೆಸುತ್ತಿದ್ದೇನೆ, ತಪ್ಪಿದ್ದರೆ ಮನ್ನಿಸಿ.

ನಾನು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವನು. ಗ್ಲಾಕೋಮಾದಿಂದ ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದರಲ್ಲಿ ಕೊಳವೆಯಲ್ಲಿ ನೋಡಿದಷ್ಟು ಕಾಣುತ್ತದೆ. ಮೂರು ವರ್ಷದ ಹಿಂದೆ ಮಲಗುವ ಕೋಣೆಯ ಗೋಡೆಯ ಮೇಲೆ ಕನ್ನಡ ಅಕ್ಷರಗಳು ಕಾಣತೊಡಗಿದವು. ಸಾಲು ಸಾಲಾಗಿ, ಕಪ್ಪು ಮಸಿಯಲ್ಲಿ, ಕಾಗುಣಿತ ಒತ್ತಕ್ಷರ ಎಲ್ಲ ಇದ್ದಂತೆ. ಓದಲು ಹೋದರೆ ಒಂದು ಪದವೂ ಕೂಡಿ ಬರುವುದಿಲ್ಲ. ಏಳು ತಿಂಗಳು ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಬ್ಯಾಂಕಿನ ಚೆಕ್ಕಿಗೆ ನನ್ನ ಸಹಿ ಹಾಕಿಸುವುದನ್ನು ನಿಲ್ಲಿಸಿಬಿಡುತ್ತಾರೆ ಎನ್ನುವ ಭಯ. ಒಂಟಿಯಾಗಿ ಆ ಗೋಡೆಯನ್ನು ನೋಡುತ್ತ ಕೂತ ಆ ಏಳು ತಿಂಗಳು ಕಣ್ಣು ಹೋದದ್ದಕ್ಕಿಂತ ಕಷ್ಟದ್ದಾಗಿತ್ತು.

ನಿಮ್ಮ ತಾಯಿ ಎರಡೇ ತಿಂಗಳಲ್ಲಿ ಮೊಮ್ಮಗಳನ್ನು ಕೇಳಿದರಲ್ಲ, ಧೈರ್ಯವಂತರು. ನನ್ನ ನಮಸ್ಕಾರ ತಿಳಿಸಿ.

ಜಗಲಿಕಟ್ಟೆ · 7:02

ಸರ್, ನಿಮ್ಮ ಮಾತನ್ನ ಅಮ್ಮನಿಗೆ ಫೋನ್ ಮಾಡಿ ಓದಿ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ "ಅವರಿಗೆ ಅಕ್ಷರ, ನಂಗೆ ಮಕ್ಕಳು" ಅಂದರು. ಈಗಲೂ ಕಾಣುತ್ತಾ ನಿಮಗೆ?

ಹಳೇಮೈಸೂರು · 7:40

ಈಗ ಅಪರೂಪ. ಸಂಜೆ ದೀಪ ಹಾಕುವ ಮುಂಚೆ, ಒಬ್ಬನೇ ಕೂತಿದ್ದಾಗ ಬರುತ್ತದೆ. ದೀಪ ಹಾಕಿದರೆ ಹೋಗುತ್ತದೆ. ಹೋಗದಿದ್ದರೆ ತಲೆ ಅಲ್ಲಾಡಿಸದೆ ಕಣ್ಣುಗುಡ್ಡೆಯನ್ನು ಮಾತ್ರ ಎಡಕ್ಕೂ ಬಲಕ್ಕೂ ಅರ್ಧ ನಿಮಿಷ ಹೊರಳಿಸು ಎಂದು ಡಾಕ್ಟರು ಹೇಳಿಕೊಟ್ಟಿದ್ದಾರೆ. ಎದ್ದು ಹೋಗಿ ಗೋಡೆ ಮುಟ್ಟಿದರೂ ಮಾಯ.

ಲೆಸ್ಟರ್_ಕನ್ನಡತಿ · 1:15 ಮಧ್ಯಾಹ್ನ

ನಾನಿರೋ ಬ್ರಿಟನ್‌ನಲ್ಲಿ ಇದಕ್ಕೆ ಅಂತಲೇ ಒಂದು ಸಂಸ್ಥೆ ಇದೆ, ಎಸ್ಮೆಸ್ ಅಂಬ್ರೆಲಾ. ತನ್ನ ತಾಯಿಗೆ ಹೀಗಾದಾಗ ಯಾರಿಗೂ ಇದರ ಬಗ್ಗೆ ಗೊತ್ತಿರಲಿಲ್ಲ ಅಂತ ಮಗಳು 2015ರಲ್ಲಿ ಶುರು ಮಾಡಿದ್ದು. ತಾಯಿಯ ಹೆಸರೇ ಎಸ್ಮೆ.

ಈ ಕಾಯಿಲೆಯ ಹೆಸರಿನ ಹಿಂದೆಯೂ ಒಬ್ಬ ಅಜ್ಜ ಇದ್ದಾರೆ. ಚಾರ್ಲ್ಸ್ ಬೋನೆ ಜಿನೀವಾದ ವಿದ್ವಾಂಸ. 1760ರಲ್ಲಿ ಅವರು ಬರೆದದ್ದು ತಮ್ಮ ಅಜ್ಜ ಚಾರ್ಲ್ಸ್ ಲುಲ್ಲೆ ಕಂಡ ಚಿತ್ರಗಳ ಬಗ್ಗೆ. ಆ ಅಜ್ಜನಿಗೂ ಪೊರೆ ಆಪರೇಷನ್ ಆಗಿ ಆಮೇಲೆ ದೃಷ್ಟಿ ಹೋಗಿತ್ತು. ಬುದ್ಧಿ ಚುರುಕಾಗೇ ಇತ್ತು. ಗಂಡಸರು, ಹೆಂಗಸರು, ಹಕ್ಕಿಗಳು, ಗಾಡಿಗಳು, ಕಟ್ಟಡಗಳು ಕಾಣ್ತಿದ್ದವಂತೆ. ಅಜ್ಜನ ಮಾತನ್ನ ಮೊಮ್ಮಗ ತಳ್ಳಿ ಹಾಕದೆ ಕೂತು ಬರೆದುಕೊಂಡ ಅನ್ನೋದು ನನಗೆ ಯಾವಾಗಲೂ ನೆನಪಾಗುತ್ತೆ. ನಿಮ್ಮ ಮಗಳೂ ಅದನ್ನೇ ಮಾಡಿದ್ದಾಳೆ.

ತುಂಗಾತೀರ · 1:50

ಎಲ್ಲದಕ್ಕೂ ಒಂದು ಇಂಗ್ಲಿಷ್ ಹೆಸರು ಕೊಟ್ಟರೆ ಆಯ್ತಾ? ನಮ್ಮ ಹಿರಿಯರಿಗೆ ಕಾಣಿಸಿಕೊಳ್ಳೋದು ಇವತ್ತು ನಿನ್ನೆಯದಲ್ಲ.

ಕಾವೇರಿ_ಕೊಳ್ಳ · 1:58

ಹೆಸರು ಬೇಕೇ ಬೇಕು. ಹೆಸರಿಲ್ಲದಿದ್ದಕ್ಕೇ ಆ ಸರ್ ಏಳು ತಿಂಗಳು ಬಾಯಿ ಬಿಡಲಿಲ್ಲ. ಮನೆಗೆ ಏನೋ ಬಂದಿದೆ ಅಂತ ಹಣೆಗೆ ಭಸ್ಮ ಹಚ್ಚಿ ಕೂರಿಸಿದ್ರೆ ಆ ಅಮ್ಮ ಮುಂದಿನ ಸಲ ಮೊಮ್ಮಗಳಿಗೂ ಹೇಳೋಲ್ಲ.

ತುಂಗಾತೀರ · 2:10

ಭಸ್ಮ ಹಚ್ಚಿ ಅಂತ ನಾನು ಹೇಳಿಲ್ಲ. ಡಾಕ್ಟರಿಗೆ ತೋರಿಸಬೇಡಿ ಅಂತಲೂ ಹೇಳಿಲ್ಲ. ಗಂಡ ಹೋದ ಮೇಲೆ ಶುರುವಾಗಿದೆ, ಆ ದುಃಖಕ್ಕೂ ಒಂದು ಸಮಾಧಾನ ಬೇಕು ಅಂದೆ ಅಷ್ಟೇ.

ಜಗಲಿಕಟ್ಟೆ · 2:31

ಇಬ್ಬರೂ ಬೇಜಾರಾಗಬೇಡಿ. ಅಪ್ಪ ಹೋದ ಮೇಲೆ ಅಮ್ಮ ಸಂಜೆ ಒಬ್ಬರೇ ಜಗಲಿಯಲ್ಲಿ ಕೂರೋದು ಜಾಸ್ತಿಯಾಗಿದೆ, ಅದು ನಿಜ.

ಬಯಲುಸೀಮೆ_ಬಸಣ್ಣ · 4:20

ಒಂದು ಸಂದೇಹ. ಪೊರೆ ತೆಗೆಸಿದ ಮೇಲೆ ಎಲ್ಲಾ ಸರಿ ಹೋಗಬೇಕಲ್ವಾ? ನಮ್ಮಜ್ಜಿಗೆ ಡಾಕ್ಟರ್ ಎಂ.ಸಿ. ಮೋದಿಯವರ ಕ್ಯಾಂಪಿನಲ್ಲಿ ಮಾಡಿಸಿದ್ದು. ನಾನಾಗ ಸಣ್ಣವನು. ಶಾಲೆ ಕೋಣೆಗಳ ತುಂಬಾ ಚಾಪೆ ಮೇಲೆ ಸಾಲಾಗಿ ಮಲಗಿಸಿದ್ದರು, ಎಲ್ಲರ ಕಣ್ಣಿಗೂ ಪಟ್ಟಿ. ಪಟ್ಟಿ ಬಿಚ್ಚಿ ದಪ್ಪ ಸೋಡಾ ಗ್ಲಾಸ್ ಕನ್ನಡಕ ಹಾಕಿದ ಮೇಲೆ ಅಜ್ಜಿ ನನ್ನ ಮುಖ ಹಿಡ್ಕೊಂಡು "ಇಷ್ಟು ಉದ್ದ ಆಗಿದಿಯೇನಪ್ಪ" ಅಂದ್ಲು. ಬೀಳಗಿಯಲ್ಲಿ ಹುಟ್ಟಿ ಊರೂರು ಅಲೆದು ಬಡವರ ಕಣ್ಣು ತೆರೆಸಿದ ಮನುಷ್ಯ. 2005ರಲ್ಲಿ ತೀರಿಕೊಂಡಾಗ ನಮ್ಮೂರ ಮುದುಕರು ಮನೆಯವರೇ ಹೋದ ಹಾಗೆ ಅತ್ತರು.

ದೃಷ್ಟಿಮಾಪಕಿ · 4:55

ಬಸಣ್ಣ, ಆ ಕಾಲದಲ್ಲಿ ಪೊರೆ ಕಟ್ಟಿದ ಮಸೂರವನ್ನೇ ಪೂರ್ತಿ ತೆಗೆದುಬಿಡ್ತಿದ್ದರು, ಬದಲಿ ಲೆನ್ಸ್ ಇರಲಿಲ್ಲ. ಅದಕ್ಕೇ ಆ ದಪ್ಪ ಕನ್ನಡಕ. ಈಗ ಸಣ್ಣ ಸೀಳಿನಲ್ಲಿ ಒಳಗೇ ಲೆನ್ಸ್ ಇಡ್ತಾರೆ.

ನಿಮ್ಮ ಸಂದೇಹ ತುಂಬಾ ಜನರದ್ದು. ಪೊರೆ ಅನ್ನೋದು ಕಿಟಕಿ ಗಾಜು ಮಸುಕಾದ ಹಾಗೆ, ಗಾಜು ಬದಲಿಸಿದರೆ ಬೆಳಕು ಒಳಗೆ ಬರುತ್ತೆ. ಮ್ಯಾಕುಲಾ ಅನ್ನೋದು ಒಳಗಿನ ಗೋಡೆ, ಕಣ್ಣಿನ ಹಿಂಬದಿ ಪರದೆಯ ನಟ್ಟನಡು. ಓದೋದು, ಮುಖ ಗುರುತಿಸೋದು, ಸೂಜಿಗೆ ದಾರ ಪೋಣಿಸೋದು ಎಲ್ಲಾ ಆ ಚಿಕ್ಕ ಜಾಗದ ಕೆಲಸ. ಅದು ಹಾಳಾದರೆ ಮುಂದೆ ಎಷ್ಟು ಒಳ್ಳೆ ಲೆನ್ಸ್ ಇದ್ದರೂ ನಡುವೆ ಕಪ್ಪು ಮಚ್ಚೆ. ಅಂಚಿನ ನೋಟ ಉಳಿಯುತ್ತೆ, ಅದಕ್ಕೇ ಈ ಅಮ್ಮ ಹಿತ್ತಲಿಗೆ ಒಬ್ಬರೇ ಹೋಗ್ತಾರೆ, ಅಕ್ಕಿ ಆರಿಸೋಕೆ ಆಗೋಲ್ಲ. ಗ್ಲಾಕೋಮಾದಲ್ಲಿ ಉಲ್ಟಾ. ಮೊದಲು ಅಂಚು ಹೋಗುತ್ತೆ, ನಡು ಕೊನೆಗೆ. ಹಾಗಾಗಿ ಪೇಪರ್ ಓದ್ತಾ ಇರೋರಿಗೂ ಹೊಸ್ತಿಲು ಎಡವುತ್ತೆ.

ಪೊರೆ ಹಣ್ಣಾಗಲಿ ಅಂತ ಕಾಯೋದೂ ಆ ಹಳೇ ಕಾಲದ ಮಾತೇ. ಈಗ ಕಾದಷ್ಟೂ ಗಟ್ಟಿಯಾಗಿ ಆಪರೇಷನ್ ಕಷ್ಟ ಆಗುತ್ತೆ.

ಧಾರವಾಡ_ಫೇಡಾ · 6:30

ಗ್ಲಾಕೋಮಾ ಮಾತು ಬಂತು ಅಂತ ಕೇಳ್ತೀನ್ರಿ. ನಮ್ಮಪ್ಪಗ 68. ಐದು ವರ್ಷ ಆತು, ದಿನಾ ರಾತ್ರಿ ಹನಿ ಹಾಕ್ತೀವಿ. ಒಂಚೂರೂ ಸುಧಾರಿಸಿಲ್ಲ. ಹನಿ ಬಿಡಿಸಿ ಆಯುರ್ವೇದ ನೋಡೂಣು ಅಂತ ಅಪ್ಪನ ಹಟ.

ಔಷಧಿ_ಅಂಗಡಿ · 6:44

ದಯವಿಟ್ಟು ಬಿಡಿಸಬೇಡಿ! ಆ ಹನಿ ಸುಧಾರಿಸೋಕಲ್ಲ, ಇರೋದನ್ನ ಉಳಿಸೋಕೆ. ಕಣ್ಣೊಳಗಿನ ಪ್ರೆಶರ್ ನರವನ್ನ ಒತ್ತಿ ಸಾಯಿಸುತ್ತೆ, ಸತ್ತ ನರ ವಾಪಸ್ ಬರೋಲ್ಲ. ಐದು ವರ್ಷದಲ್ಲಿ ನೋಟ ಕಮ್ಮಿ ಆಗಿಲ್ಲ ಅಂದ್ರೆ ಹನಿ ಕೆಲಸ ಮಾಡಿದೆ ಅಂತ ಅರ್ಥ. ನನ್ನ ಅಂಗಡಿಗೆ ಬರೋರಲ್ಲಿ ಎಷ್ಟು ಜನ ಮೂರನೇ ತಿಂಗಳಿಗೇ ನಿಲ್ಲಿಸ್ತಾರೆ ಅಂತ ನೋಡಿ ನೋಡಿ ಹೊಟ್ಟೆ ಉರಿಯುತ್ತೆ. ನೋವಿಲ್ಲ, ಉರಿಯಿಲ್ಲ, ಮತ್ತೆ ಯಾಕೆ ದುಡ್ಡು ದಂಡ ಅಂತಾರೆ.

ಇನ್ನೆರಡು ವಿಷಯ. ಹನಿ ಬಿಟ್ಟ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನ ಬೆರಳಲ್ಲಿ ಒಂದೆರಡು ನಿಮಿಷ ಒತ್ತಿ ಹಿಡೀಬೇಕು, ಇಲ್ಲದಿದ್ರೆ ಔಷಧಿ ಗಂಟಲಿಗೆ ಇಳಿಯುತ್ತೆ. ಎರಡು ಥರ ಹನಿ ಇದ್ರೆ ನಡುವೆ ಐದು ನಿಮಿಷ ಬಿಡಿ. ಟಿಮೊಲಾಲ್ ಇರೋ ಹನಿಯಾದ್ರೆ ಉಬ್ಬಸ ಇರೋರು ಡಾಕ್ಟರಿಗೆ ಮೊದಲೇ ಹೇಳಬೇಕು, ಉಸಿರು ಕಟ್ಟಬಹುದು.

ಧಾರವಾಡ_ಫೇಡಾ · 6:52

ಅಪ್ಪಗ ಓದಿ ಹೇಳಿದ್ನಿ. "ಹಂಗಾರ ಮೊದಲ ಯಾಕ ಹೇಳಲಿಲ್ಲ" ಅಂದ್ರು. ಖರೇನ ಐತಿ, ನಮಗ ಯಾರೂ ಹಿಂಗ ಬಿಡಿಸಿ ಹೇಳಿರಲಿಲ್ಲ.

ದೃಷ್ಟಿಮಾಪಕಿ · 7:10

ಅಣ್ಣಾ, ನೀವೂ ಮಾಡಿಸ್ಕೊಳ್ಳಿ. ಅಪ್ಪನಿಗಿದ್ದರೆ ಮಕ್ಕಳಿಗೆ, ಒಡಹುಟ್ಟಿದವರಿಗೆ ಬರೋ ಸಾಧ್ಯತೆ ಜಾಸ್ತಿ. ನಲವತ್ತು ದಾಟಿದ್ದರೆ ಪ್ರೆಶರ್ ಜೊತೆ ನರವನ್ನೂ ನೋಡಿಸಿ. ಪ್ರೆಶರ್ 21ರ ಒಳಗೆ, ಅಂದ್ರೆ ನಾರ್ಮಲ್ ಇದ್ದೂ ಗ್ಲಾಕೋಮಾ ಇರೋರು ಇದ್ದಾರೆ.

ಇನ್ನು ಅಂಗಡಿಯಲ್ಲಿ ಕೇಳಿ ತಗೊಳ್ಳೋ ಸ್ಟೀರಾಯ್ಡ್ ಹನಿ. ಕಣ್ಣು ಕೆಂಪಾಯ್ತು, ತುರಿಸ್ತು ಅಂತ ತಿಂಗಳುಗಟ್ಟಲೆ ಅದನ್ನೇ ಹಾಕಿ ಪ್ರೆಶರ್ ಏರಿಸಿಕೊಂಡವರನ್ನ ಪ್ರತಿ ವಾರ ನೋಡ್ತೀನಿ.

ಔಷಧಿ_ಅಂಗಡಿ · 7:18

ಚೀಟಿ ಇಲ್ಲದೆ ನಾನು ಕೊಡೋಲ್ಲ. ಆದ್ರೆ ಪಕ್ಕದ ಬೀದಿಯಲ್ಲಿ ಸಿಗುತ್ತೆ, ಅದೂ ನಿಜ.

ಕಾವೇರಿ_ಕೊಳ್ಳ · 8:05

ಮೂಲ ವಿಷಯಕ್ಕೆ ಬರೋಣ. ಬಲಗಣ್ಣಿನ ಇಂಜೆಕ್ಷನ್ ನಿಲ್ಲಿಸಿದ್ರಲ್ಲ, ಅದರ ಬಗ್ಗೆ ಯಾರೂ ಮಾತಾಡಿಲ್ಲ. ನಮ್ಮತ್ತೆಗೂ ಅದೇ ಕಾಯಿಲೆ. ಒಂದು ಕಡೆ ಹೇಳಿದ ರೇಟು ಕೇಳಿ ಕೈಬಿಟ್ಟಿದ್ವಿ. ಆಮೇಲೆ ಇನ್ನೊಂದು ಕಡೆ ಬೇರೆ ಔಷಧಿ, ಅದರ ಎಷ್ಟೋ ಪಾಲು ಕಮ್ಮಿ ದುಡ್ಡಲ್ಲಿ. ಒಂದೇ ಕಾಯಿಲೆಗೆ ಇಷ್ಟು ವ್ಯತ್ಯಾಸ ಯಾಕೆ ಅಂತ ಯಾರೂ ಹೇಳಿರಲಿಲ್ಲ.

ಬಯಲುಸೀಮೆ_ಬಸಣ್ಣ · 8:12

ಆ ಕಮ್ಮಿ ರೇಟಿಂದು ಕ್ಯಾನ್ಸರ್ ಔಷಧಿ ಅಂತೆ. ಕಣ್ಣಿಗೆ ಅದನ್ನ ಚುಚ್ಚಿಸಿದ್ರಾ? ನಮ್ಮ ಪರಿಚಯದವರೊಬ್ಬರು ಹೆದರಿ ಓಡಿ ಬಂದರು.

ದೃಷ್ಟಿಮಾಪಕಿ · 8:40

ಬೆವಾಸಿಝುಮ್ಯಾಬ್ ಅಂತ. ಹೌದು, ದೊಡ್ಡಕರುಳಿನ ಕ್ಯಾನ್ಸರಿಗೆ ಬಂದ ಔಷಧಿ. ಗೆಡ್ಡೆಗೆ ರಕ್ತ ಒದಗಿಸೋ ಹೊಸ ರಕ್ತನಾಳ ಬೆಳೆಯದ ಹಾಗೆ ತಡೆಯೋದು ಅದರ ಕೆಲಸ. ಒದ್ದೆ ಮ್ಯಾಕುಲಾ ಕಾಯಿಲೆಯಲ್ಲೂ ತೊಂದರೆ ಅದೇ. ಪರದೆಯ ಕೆಳಗೆ ಬೇಡದ ರಕ್ತನಾಳ ಬೆಳೆದು ಸೋರುತ್ತೆ. ಹಾಗಾಗಿ ಅದೇ ಔಷಧಿ ಚೂರೇಚೂರು ಪ್ರಮಾಣದಲ್ಲಿ ಕಣ್ಣಿಗೂ ಬಂತು. ಕಣ್ಣಿಗೆ ಅಂತಲೇ ಮಾಡಿದ ರಾನಿಬಿಝುಮ್ಯಾಬ್ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 2006ರಲ್ಲಿ. ಎರಡನ್ನೂ ಹೋಲಿಸಿದ ದೊಡ್ಡ ಪರೀಕ್ಷೆಯ ಫಲಿತಾಂಶ 2011ರಲ್ಲಿ ಬಂತು, ದೃಷ್ಟಿ ಉಳಿಸೋದರಲ್ಲಿ ಎರಡೂ ಸಮ ಅಂತ. ನಮ್ಮ ದೇಶದಲ್ಲೇ ತಯಾರಾಗೋ ರಾನಿಬಿಝುಮ್ಯಾಬ್ ಕೂಡ ಈಗ ಸಿಗುತ್ತೆ.

ಒಂದೇ ಎಚ್ಚರಿಕೆ. ಬೆವಾಸಿಝುಮ್ಯಾಬ್ ದೊಡ್ಡ ಬಾಟಲಿಯಿಂದ ಪಾಲು ಮಾಡಿ ಕೊಡೋದು, ಸ್ವಚ್ಛತೆ ತಪ್ಪಿದರೆ ಕಣ್ಣಿಗೆ ಸೋಂಕು ತಗುಲಬಹುದು. ನಂಬಿಕೆ ಇರೋ ಕಡೆ ಮಾಡಿಸಿ. ಚುಚ್ಚಿದ ಮೇಲೆ ಕಣ್ಣು ಕೆಂಪಾಗಿ ನೋವು ಜಾಸ್ತಿಯಾಗ್ತಾ ಹೋದರೆ, ದೃಷ್ಟಿ ಕಮ್ಮಿಯಾದರೆ ಅದೇ ದಿನ ಓಡಬೇಕು.

ಜಗಲಿಕಟ್ಟೆ · 9:03

ನಿಲ್ಲಿಸಿ ಒಂದು ವರ್ಷದ ಮೇಲಾಯ್ತು. ಈಗ ಶುರು ಮಾಡಿದ್ರೆ ಪ್ರಯೋಜನ ಇದೆಯಾ? ನಾವೇ ಹಾಳು ಮಾಡಿದ್ವಾ ಅನ್ನೋದು ತಲೆ ತಿಂತಿದೆ.

ದೃಷ್ಟಿಮಾಪಕಿ · 9:15

ಸ್ಕ್ಯಾನ್ ಮಾಡದೆ ಹೇಳೋಕಾಗೋಲ್ಲ. ಓಸಿಟಿ ಅಂತ, ಗಲ್ಲ ಇಟ್ಟು ಐದು ನಿಮಿಷ ಕೂರೋದು, ನೋವಿಲ್ಲ. ಕಲೆ ಕಟ್ಟಿ ಒಣಗಿದ್ದರೆ ಇಂಜೆಕ್ಷನ್ ಉಪಯೋಗ ಇಲ್ಲ. ಇನ್ನೂ ನೀರು ನಿಂತಿದ್ದರೆ ಇದೆ. ಹೋದದ್ದು ವಾಪಸ್ ಬರದಿದ್ದರೂ ಇರೋದು ಉಳೀಬಹುದು. ಅಂಚಿನ ನೋಟದಲ್ಲೇ ಬದುಕೋರಿಗೆ ಒಂದು ಸಾಲು ಹೆಚ್ಚು ಕಂಡರೂ ಅದು ದೊಡ್ಡದು. ಜೊತೆಗೆ ಲೆನ್ಸ್ ಹಿಂದಿನ ಪದರ ಮಸುಕಾಗಿದೆಯಾ ಅಂತಲೂ ನೋಡಲಿ. ಒಂಬತ್ತು ವರ್ಷ ಆಗಿದೆ, ಇದ್ದರೆ ಅದು ಕೆಲವೇ ನಿಮಿಷದ ಲೇಸರ್.

ಮತ್ತೆ ನಿಮ್ಮನ್ನ ನೀವೇ ಬೈಕೊಳ್ಳಬೇಡಿ. ಸಾವಿನ ಮನೆಯಲ್ಲಿ ಯಾರಿಗೆ ಕಣ್ಣಿನ ತಾರೀಖು ನೆನಪಿರುತ್ತೆ.

ಕುಂದಾಪುರ_ಕಡಲು · 9:40

ನನ್ನ ಅಮ್ಮನಿಗೆ ಈಗಷ್ಟೇ "ಒಣ" ಮ್ಯಾಕುಲಾ ಕಾಯಿಲೆ, ಅಂದ್ರೆ ರಕ್ತನಾಳ ಸೋರದೆ ಇರುವಂಥದ್ದು, ಅಂದಿದ್ದಾರೆ, ಎರಡೂ ಕಣ್ಣು. ಮಾತ್ರೆ ಬರೆದಿದ್ದಾರೆ. ಕ್ಯಾರೆಟ್ ಜ್ಯೂಸು ದಿನಾ ಕೊಡ್ತಾ ಇದ್ದೇನೆ. ಇನ್ನೇನು ಮಾಡಬಹುದು?

ಕಾವೇರಿ_ಕೊಳ್ಳ · 9:44

ಕ್ಯಾರೆಟ್ ಬಿಡಿ, ಸೊಪ್ಪು ತಿನ್ನಿಸಿ.

ಕುಂದಾಪುರ_ಕಡಲು · 9:46

ಕ್ಯಾರೆಟ್ ಕಣ್ಣಿಗೆ ಒಳ್ಳೇದಲ್ವಾ ಮಾರಾಯ್ರೇ? ಹುಟ್ಟಿದಾಗಿಂದ ಕೇಳಿದ್ದು ಅದೇ.

ದೃಷ್ಟಿಮಾಪಕಿ · 10:02

ಎ ಜೀವಸತ್ವ ಕಮ್ಮಿ ಇರೋ ಮಕ್ಕಳಿಗೆ ಒಳ್ಳೇದೇ, ಇರುಳುಗಣ್ಣಿಗೆ. ಮ್ಯಾಕುಲಾಗೆ ಬೇಕಾದದ್ದು ಲ್ಯೂಟಿನ್, ಝಿಯಾಕ್ಸಾಂಥಿನ್ ಅನ್ನೋ ಪೋಷಕಾಂಶಗಳು. ಅವು ಹಸಿರು ಸೊಪ್ಪಲ್ಲಿ, ಮೆಕ್ಕೆಜೋಳದಲ್ಲಿ, ಮೊಟ್ಟೆಯ ಹಳದಿಯಲ್ಲಿ ಇವೆ. ನಿಮ್ಮ ಕಡೆ ಬಸಳೆ, ಹರಿವೆ, ನುಗ್ಗೆ ಸೊಪ್ಪಿಗೇನು ಕಮ್ಮಿ? ಎಣ್ಣೆ ಒಗ್ಗರಣೆ ಜೊತೆ ತಿಂದರೆ ಮೈಗೆ ಹತ್ತುತ್ತೆ.

ಇದಕ್ಕೆ ಬರೆಯೋ ಜೀವಸತ್ವ, ಖನಿಜದ ಮಾತ್ರೆ ಬಗ್ಗೆ ಅಮೆರಿಕದಲ್ಲಿ ದೊಡ್ಡ ಅಧ್ಯಯನ ಆಗಿದೆ, 2001ರಲ್ಲಿ ಬಂದದ್ದು. ಮಧ್ಯಮ ಹಂತದಲ್ಲಿರೋರಿಗೆ ಕಾಯಿಲೆ ಮುಂದಿನ ಹಂತಕ್ಕೆ ಹೋಗೋದನ್ನ ಐದು ವರ್ಷದಲ್ಲಿ ಸುಮಾರು 25% ಕಮ್ಮಿ ಮಾಡಿತು. ಬರೀ ಶುರುವಿನಲ್ಲಿ ಇರೋರಿಗೆ ಅಂಥ ಲಾಭ ಕಾಣಲಿಲ್ಲ. ಹಳೇ ಮಾತ್ರೆಯಲ್ಲಿದ್ದ ಬೀಟಾ ಕ್ಯಾರೋಟಿನ್ (ಕ್ಯಾರೆಟ್‌ನಲ್ಲಿರೋದೇ) ಬೀಡಿ ಸಿಗರೇಟು ಸೇದೋರಿಗೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿಸಬಹುದು ಅಂತ 2013ರ ಎರಡನೇ ಅಧ್ಯಯನದಲ್ಲಿ ಅದರ ಜಾಗಕ್ಕೆ ಲ್ಯೂಟಿನ್ ತಂದರು. ಅಮ್ಮ ಯಾವ ಹಂತದಲ್ಲಿದ್ದಾರೆ ಅಂತ ಡಾಕ್ಟರನ್ನ ಕೇಳಿ.

ಮನೆಯಲ್ಲೇ ಮಾಡೋ ಪರೀಕ್ಷೆ ಒಂದಿದೆ. ಗಣಿತದ ಚೌಕಳಿ ಹಾಳೆ ನಡುವೆ ಒಂದು ಚುಕ್ಕೆ ಇಡಿ. ಓದೋ ಕನ್ನಡಕ ಹಾಕಿಸಿ, ಒಂದು ಕಣ್ಣು ಮುಚ್ಚಿಸಿ, ಇನ್ನೊಂದರಲ್ಲಿ ಚುಕ್ಕೆ ನೋಡೋಕೆ ಹೇಳಿ. ಗೆರೆ ಡೊಂಕಾಗಿ ಕಂಡರೆ, ನಡುವೆ ಅಳಿಸಿದ ಹಾಗೆ ಕಂಡರೆ, ಒಣ ಇದ್ದದ್ದು ಒದ್ದೆ ಆಗಿರಬಹುದು. ಆಗ ಮುಂದಿನ ತಿಂಗಳು ನೋಡೋಣ ಅನ್ನಬೇಡಿ, ಆ ವಾರವೇ ಹೋಗಿ. ಎರಡೂ ಕಣ್ಣು ಬಿಟ್ಟು ನೋಡಿದರೆ ಒಳ್ಳೆ ಕಣ್ಣು ಕೆಟ್ಟ ಕಣ್ಣಿನ ತಪ್ಪನ್ನ ಮುಚ್ಚಿಬಿಡುತ್ತೆ, ಅದಕ್ಕೇ ಒಂದೊಂದೇ.

ಕುಂದಾಪುರ_ಕಡಲು · 10:20

ಈಗಲೇ ಮಾಡಿಸಿದೆ. ಬಲಗಣ್ಣಲ್ಲಿ ಒಂದು ಕಡೆ ಗೆರೆ "ಬಾಗಿದ ಹಾಗೆ ಕಾಣ್ತದೆ" ಅಂತಾರೆ. ನಾಳೆ ಬೆಳಿಗ್ಗೆ ಮಣಿಪಾಲಕ್ಕೆ ಹೊರಡ್ತೇವೆ.

ಬಯಲುಸೀಮೆ_ಬಸಣ್ಣ · 10:31

ನೇತ್ರದಾನದ ಕಣ್ಣು ಹಾಕಿಸೋಕೆ ಬರೋಲ್ವಾ? ರಾಜ್‌ಕುಮಾರ್ ಕೊಟ್ಟರು, ಅಪ್ಪು ಕೊಟ್ಟರು. ನಾನೂ ಬರೆದುಕೊಟ್ಟಿದ್ದೀನಿ.

ದೃಷ್ಟಿಮಾಪಕಿ · 10:39

ಬರೆದುಕೊಟ್ಟದ್ದು ತುಂಬಾ ಒಳ್ಳೇ ಕೆಲಸ ಬಸಣ್ಣ. ಆದರೆ ಕಸಿ ಮಾಡೋದು ಕಾರ್ನಿಯಾ ಮಾತ್ರ, ಕಣ್ಣಿನ ಮುಂದಿನ ಪಾರದರ್ಶಕ ಪದರ. ಇಡೀ ಕಣ್ಣು ಬದಲಿಸಿ ನೋಟ ತರೋಕಾಗೋಲ್ಲ, ಹಿಂದಿನ ನರವನ್ನ ಜೋಡಿಸೋ ದಾರಿ ಇನ್ನೂ ಇಲ್ಲ. ಮ್ಯಾಕುಲಾ, ಗ್ಲಾಕೋಮಾಗೆ ಅದು ಆಗೋದಿಲ್ಲ. ಮನೆಯವರಿಗೂ ಹೇಳಿಟ್ಟಿರಿ, ಆರು ಗಂಟೆ ಒಳಗೆ ತೆಗೀಬೇಕು.

ಲೆಸ್ಟರ್_ಕನ್ನಡತಿ · ಮಂಗಳವಾರ 2:05 ಮಧ್ಯಾಹ್ನ

ಬೆಳಕಿನ ಬಗ್ಗೆ ಒಂದು ಮಾತು. ನನ್ನ ಮಾವನಿಗೆ ಇಲ್ಲಿ ದೃಷ್ಟಿ ಕಮ್ಮಿ ಇರೋರ ಕ್ಲಿನಿಕ್‌ನಲ್ಲಿ ಮೊದಲು ಬದಲಿಸಿದ್ದು ದೀಪ. ಮೇಲಿನ ಟ್ಯೂಬ್‌ಲೈಟ್ ಸಾಲದು, ಓದೋ ಹಾಳೆ ಮೇಲೆ ಪಕ್ಕದಿಂದ ಬೀಳೋ ಬೆಳಕು ಬೇಕು. ಬಿಳಿ ಅನ್ನಕ್ಕೆ ಬಿಳಿ ತಟ್ಟೆ ಬೇಡ, ಬಾಳೆಲೆಯೋ ಸ್ಟೀಲ್ ತಟ್ಟೆಯೋ ಇರಲಿ. ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣದ ಪಟ್ಟಿ. ದೊಡ್ಡ ದುಡ್ಡೇನೂ ಬೇಕಾಗಿಲ್ಲ. ಎದುರು ಬಂದಾಗ ನಿಮ್ಮ ಹೆಸರು ಹೇಳಿ ಮಾತಾಡಿಸಿ. "ಯಾರು ಹೇಳು ನೋಡೋಣ" ಅಂತ ಪರೀಕ್ಷೆ ಮಾಡಬೇಡಿ, ಅವರಿಗೆ ಅದು ತುಂಬಾ ನೋವು.

ಕಾವೇರಿ_ಕೊಳ್ಳ · 2:40

ಆ ಕೊನೇ ಮಾತು ಚುಚ್ಚಿತು. ನಮ್ಮ ಮನೆಯಲ್ಲಿ ಬರೋ ನೆಂಟರೆಲ್ಲ ಅತ್ತೆ ಮುಂದೆ ಅದನ್ನೇ ಮಾಡ್ತಾರೆ. ಇವತ್ತಿನಿಂದ ನಾನೇ ತಡೀತೀನಿ.

ಹಳೇಮೈಸೂರು · 3:30

ಇನ್ನೊಂದು ಕಾಗದದ ಕೆಲಸ ಮರೆಯಬೇಡಿ. ದೃಷ್ಟಿ ದೋಷ 40% ಮತ್ತು ಅದಕ್ಕಿಂತ ಹೆಚ್ಚು ಎಂದು ಪ್ರಮಾಣೀಕರಿಸಿದರೆ ಅಂಗವಿಕಲರ ಗುರುತಿನ ಚೀಟಿ ಸಿಗುತ್ತದೆ. ನಾನು ವಯಸ್ಸಾಯಿತು, ನನಗೇಕೆ ಎಂದು ಆರು ವರ್ಷ ಮಾಡಿಸಲಿಲ್ಲ. ವಯಸ್ಸಾದವರ ಕುರುಡುತನವೂ ಅಂಗವೈಕಲ್ಯವೇ ಎಂದು ನಮ್ಮ ಜನಕ್ಕೆ ಹೊಳೆಯುವುದಿಲ್ಲ, ಎಲ್ಲವನ್ನೂ ಮುಪ್ಪಿನ ಲೆಕ್ಕಕ್ಕೆ ಬರೆದುಬಿಡುತ್ತಾರೆ.

ಜಗಲಿಕಟ್ಟೆ · ಶನಿವಾರ ರಾತ್ರಿ 9:25

ತಡವಾಗಿ ಬರೀತಿದ್ದೀನಿ, ಕ್ಷಮಿಸಿ. ನಿನ್ನೆ ಅಮ್ಮನನ್ನ ರೆಟಿನಾ ಡಾಕ್ಟರ ಹತ್ತಿರ ಕರ್ಕೊಂಡು ಹೋಗಿದ್ವಿ. ಅಣ್ಣನೂ ಬಂದಿದ್ದ. ಅದಕ್ಕೂ ಮುಂಚೆ ಔಷಧಿ ಅಂಗಡಿಯವರು ಹೇಳಿದ ಹಾಗೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿದ್ವಿ. ಸೋಡಿಯಂ ಸರಿಯಿದೆ, ಸೋಂಕಿಲ್ಲ.

ಹನಿ ಹಾಕಿ ಕಣ್ಣಿನ ಪಾಪೆ ಅಗಲ ಮಾಡಿ ನೋಡಿದರು, ಸ್ಕ್ಯಾನ್ ಮಾಡಿದರು. ಎಡಗಣ್ಣು ಕಲೆ ಕಟ್ಟಿದೆ, ಏನೂ ಮಾಡೋ ಹಾಗಿಲ್ಲ. ಬಲಗಣ್ಣಿನ ನಡುವೆ ಕಲೆ ಇದೆ, ಅದರ ಪಕ್ಕದಲ್ಲಿ ಇನ್ನೂ ನೀರಿದೆ. ಇಂಜೆಕ್ಷನ್ ಮತ್ತೆ ಶುರು ಮಾಡೋಣ, ನೋಟ ಹೆಚ್ಚಾಗುತ್ತೆ ಅಂತ ಹೇಳೋಲ್ಲ, ಇರೋದನ್ನ ಹಿಡಿದಿಡೋಕೆ ನೋಡೋಣ ಅಂದರು.

ಮಕ್ಕಳ ವಿಷಯ ನಾನು ಬಾಯಿ ತೆಗೆಯೋ ಮುಂಚೆ ಡಾಕ್ಟರೇ ಕೇಳಿದರು. "ಅಮ್ಮಾ, ಇಲ್ಲದ್ದು ಏನಾದ್ರೂ ಕಾಣುತ್ತಾ? ಮನುಷ್ಯರು, ಹೂವು, ಏನಾದ್ರೂ?" ಅಮ್ಮ ನನ್ನ ಕೈ ಹಿಡ್ಕೊಂಡ್ರು. ಆಮೇಲೆ ಎಲ್ಲಾ ಹೇಳಿದರು. ನನಗೂ ಹೇಳದಿದ್ದದ್ದು ಒಂದಿತ್ತು, ಬಾವಿಕಟ್ಟೆ ಮೇಲೆ ದಾಸವಾಳದ ರಾಶಿ ಕಾಣುತ್ತಂತೆ. ಇದು ಹುಚ್ಚಲ್ಲ, ಮರೆವೂ ಅಲ್ಲ ಅನ್ನಿಸುತ್ತೆ, ಆದರೂ ಒಂದು ಸಲ ನರರೋಗದವರಿಗೂ ತೋರಿಸಿ ಅಂತ ಚೀಟಿ ಬರೆದರು. ಅಮ್ಮ "ಇದಕ್ಕೆ ಹೆಸರಿದೆಯಾ?" ಅಂತ ಕೇಳಿ, ಮನೆಗೆ ಬಂದ ಮೇಲೆ ನನ್ನ ಮಗಳ ಕೈಲಿ ಕ್ಯಾಲೆಂಡರ್ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ.

ಅಣ್ಣ ದಾರಿಯುದ್ದಕ್ಕೂ ಮಾತಾಡಲಿಲ್ಲ. ಇವತ್ತು ಬೆಳಗ್ಗೆ ಜಗಲಿಗೆ ಹೊಸ ಬಲ್ಬ್ ಹಾಕಿಸಿದ.

ತುಂಗಾತೀರ · 9:50

ಒಳ್ಳೇದಾಯ್ತು ತಂಗಿ. ಸಂಜೆ ಹೊತ್ತು ಅವರ ಜೊತೆ ಯಾರಾದ್ರೂ ಕೂರೋ ಹಾಗೆ ಮಾಡಿ. ನಾನು ಹೊಸನಗರದವನೇ, ಬೇಕಾದ್ರೆ ಹೇಳಿ, ನಮ್ಮ ಮನೆಯವರು ವಾರಕ್ಕೆರಡು ದಿನ ಹೋಗಿ ಕೂತು ಬರ್ತಾರೆ.

ಜಗಲಿಕಟ್ಟೆ · 9:58

ಖಂಡಿತ ಕಳಿಸಿ ಅಣ್ಣಾ. ಅಮ್ಮನಿಗೆ ಪೇಪರ್ ಓದಿ ಹೇಳೋರು ಬೇಕಾಗಿದ್ದಾರೆ.

ಹಳೇಮೈಸೂರು · 10:05

ಮಕ್ಕಳು ಈಗಲೂ ಬರುತ್ತಾರೆಯೇ?

ಜಗಲಿಕಟ್ಟೆ · 10:11

ಇವತ್ತು ಸಂಜೆ ಬಂದಿದ್ದರಂತೆ ಸರ್. ಕಣ್ಣು ಎಡಬಲ ಹೊರಳಿಸಿದ್ರಾ ಅಂತ ಕೇಳಿದೆ. "ಇವತ್ತು ಬೇಡ ಅನ್ನಿಸ್ತು, ನಿಂತಿರಲಿ ಅಂತ ಬಿಟ್ಟೆ" ಅಂದರು. ಬುಧವಾರ ಇಂಜೆಕ್ಷನ್.

ಕುಂದಾಪುರ_ಕಡಲು · 10:30

ನಮ್ಮಲ್ಲಿಯೂ ಒದ್ದೆ ಆಗಿತ್ತು, ಬಲಗಣ್ಣು. ಬೇಗ ಬಂದ್ರಿ ಅಂದ್ರು. ಮೊದಲನೇ ಇಂಜೆಕ್ಷನ್ ಗುರುವಾರ ಆಯ್ತು. ದೃಷ್ಟಿಮಾಪಕಿ ಅಕ್ಕಾ, ಎರಡನೆಯದರ ನಡುವೆ ತಲೆಗೆ ಸ್ನಾನ ಮಾಡಿಸಬಹುದಾ?